ಹಳೇ ಕಾಟಿ (ಕಾಡುಕೋಣ) ತಲೆಯಿಂದ ಕೂದಲು ಉದುರುತ್ತಿದೆ: ಹಾಸನ, ಚಿಕ್ಕಮಗಳೂರು ಕಡೆ ರಿಪೇರಿ ಮಾಡುವವರು ಇದ್ದಾರಾ?

ಕಾಫಿತೋಟ_ಮೂಡಿಗೆರೆ:
ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಹಳೇ ತೋಟದ ಮನೆ. ಹಾಲ್‌ನ ಗೋಡೆ ಮೇಲೆ ಅಜ್ಜನ ಕಾಲದ ಕಾಟಿ ತಲೆ ಇದೆ. ಹಲಗೆ ಹಿಂದೆ, ಬೇಟೆ ಪ್ರಾಣಿಗಳ ಚರ್ಮಕ್ಕೆ ಅಚ್ಚು ತುಂಬಿ ಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗನ್ ಕಂಪನಿಯ ಚೀಟಿ ಇನ್ನೂ ಅಂಟಿಕೊಂಡಿದೆ. ಈ ಮಳೆಗಾಲದಿಂದ ತಲೆ ಕೆಳಗೆ ಕಂದು ಪುಡಿ ಬೀಳುತ್ತಿದೆ. ಒಂದು ಕಿವಿಯ ಬುಡದಲ್ಲಿ ಕೂದಲು ಹೋಗಿ ಚರ್ಮ ಕಾಣುತ್ತದೆ. ಮೂಗಿನ ಮೇಲೆ ಬಿರುಕು. ಕಣ್ಣಿನ ಸುತ್ತ ಬಿಳಿ ಪುಡಿ, ಬೂಷ್ಟು ಇರಬೇಕು. ಮನೆಯಲ್ಲಿ ಒಬ್ಬರು ಬಿಸಿಲಿಗಿಡು ಅಂತಾರೆ, ಇನ್ನೊಬ್ಬರು ಸೀಮೆಎಣ್ಣೆ ಹೊಡಿ ಅಂತಾರೆ, ಅತ್ತೆ ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದಾರೆ. ಏನು ಮಾಡಲಿ?

ಹೇಮಾವತಿ_ದಂಡೆ:
ಮೊದಲು ಆ ಬಿಳಿ ಪುಡಿ ಮುಟ್ಟಬೇಡಿ ಮಾರಾಯ್ರೇ. ಬೂಷ್ಟೂ ಇರಬಹುದು, ಪಾಷಾಣವೂ ಇರಬಹುದು. ಆ ಕಾಲದಲ್ಲಿ ಹುಳ ಹಿಡಿಯದಿರಲಿ ಅಂತ ಚರ್ಮದ ಒಳಮೈಗೆ ಆರ್ಸೆನಿಕ್ ಬಳಿಯುತ್ತಿದ್ದರು. ಅದು ವರ್ಷಗಟ್ಟಲೆ ಕಳೆದ ಮೇಲೆ ಕಣ್ಣಿನ ಅಂಚು, ಕೊಂಬಿನ ಬುಡ, ಹೊಲಿಗೆ ಇರುವ ಕಡೆ ಹೊರಗೆ ಬರುತ್ತದೆ. ನೋಡಿ ಹೇಳೋಕಾಗಲ್ಲ. ವಿಷ ಅಂತಲೇ ತಿಳಿದುಕೊಳ್ಳಿ. ನೈಟ್ರೈಲ್ ಗ್ಲೌಸ್, ಎನ್95 ಮಾಸ್ಕ್ ಇಲ್ಲದೆ ಹತ್ತಿರ ಹೋಗಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಧೂಳನ್ನೆಲ್ಲ ಹಿಂದಿನಿಂದ ಮನೆಗೇ ಊದುತ್ತದೆ. ಮಕ್ಕಳು, ನಾಯಿ ಆ ಕಡೆ ಬಾರದ ಹಾಗೆ ನೋಡಿಕೊಳ್ಳಿ.

ಇನ್ನು ಕಂದು ಪುಡಿ. ಒಂದು ಬಿಳಿ ಕಾಗದ ಹಾಸಿ, ಮರುದಿನ ಬಿದ್ದಿದ್ದನ್ನು ಭೂತಕನ್ನಡಿಯಲ್ಲಿ ನೋಡಿ ಹೇಳಿ. ಬರೀ ಪುಡಿಯಾ, ಜೊತೆಗೆ ಹುಳ ಕಳಚಿದ ಪೊರೆ ಇದೆಯಾ?

ಕಾಫಿತೋಟ_ಮೂಡಿಗೆರೆ:
ನೋಡಿದೆ ಸರ್. ಮರಳಿನಂಥ ಪುಡಿ, ತುಂಡು ಕೂದಲು. ಜೊತೆಗೆ ಮೈತುಂಬ ರೋಮ ಇರುವ ಪುಟ್ಟ ಟೊಳ್ಳು ಪೊರೆಗಳು. ಕಿಟಕಿ ಕಟ್ಟೆ ಮೇಲೆ ಎಳ್ಳಿನ ಗಾತ್ರದ ಚುಕ್ಕೆ ಚುಕ್ಕೆ ಜೀರುಂಡೆಗಳೂ ಸತ್ತು ಬಿದ್ದಿವೆ.

ಹೇಮಾವತಿ_ದಂಡೆ:
ಹಾಗಾದರೆ ಕಾರ್ಪೆಟ್ ಬೀಟಲ್. ಕೂದಲು, ಚರ್ಮ ತಿನ್ನುವುದು ಅದರ ಮರಿಹುಳ. ದೊಡ್ಡದಾದ ಮೇಲೆ ಬೆಳಕಿನ ಕಡೆ ಹಾರುತ್ತದೆ, ಅದಕ್ಕೇ ಕಿಟಕಿ ಹತ್ತಿರ ಸಿಕ್ಕಿದ್ದು. ಪಾಷಾಣ ಸರಿಯಾಗಿ ತಾಗದ ಜಾಗ ಹುಡುಕಿ ಮೇಯುತ್ತದೆ. ಆದರೆ ತಲೆಯೊಂದನ್ನೇ ನೋಡಿದರೆ ಸಾಲದು. ಅಟ್ಟ ಹತ್ತಿ ನೋಡಿ. ಹಂಚಿನ ಸಂದಿಯಲ್ಲಿ ಹಕ್ಕಿ ಗೂಡು, ಕಣಜದ ಗೂಡು, ಸತ್ತ ಇಲಿ ಇದ್ದರೆ ಸಂತಾನ ಅಲ್ಲಿಂದಲೇ ಬರುತ್ತಿರುತ್ತದೆ. ಅದನ್ನು ತೆಗೆಯದಿದ್ದರೆ ಏನು ಮಾಡಿದರೂ ಅಷ್ಟೇ.

ಮೂಗಿನ ಬಿರುಕು ಬೇರೆ ಕಥೆ. ವ್ಯಾನ್ ಇಂಗನ್‌ನವರ ತಲೆಗಳ ಒಳಗೆ ಇರುವುದು ಕಾಗದದ ತಿರುಳಿನ ಅಚ್ಚು. ಮಳೆಗಾಲದಲ್ಲಿ ಚರ್ಮ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಬಿಗಿಯುತ್ತದೆ, ಕೊನೆಗೆ ಸೀಳುತ್ತದೆ. ಬಿಸಿಲಿಗಿಟ್ಟರೆ ಇನ್ನೂ ಬೇಗ. ಸೀಮೆಎಣ್ಣೆ ಹೊಡೆದರೆ ಚರ್ಮ ಪುಡಿಯಾಗುತ್ತದೆ, ಬೆಂಕಿಯ ಭಯ ಬೇರೆ. ಕೊಬ್ಬರಿ ಎಣ್ಣೆ ಕಮಟು ಹಿಡಿದು ಧೂಳು ಅಂಟಿಸಿಕೊಳ್ಳುತ್ತದೆ. ಅತ್ತೆಗೆ ನನ್ನ ನಮಸ್ಕಾರ ತಿಳಿಸಿ, ಎಣ್ಣೆ ತಲೆಗೇ ಹಚ್ಚಿಕೊಳ್ಳಲಿ.

ಬೇಲೂರು_ಬಡಗಿ:
ಮ್ಯೂಸಿಯಂನವರು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರದ ಮೇಲೆ ಇಡುತ್ತಾರೆ. ಹುಳ, ಮೊಟ್ಟೆ ಎಲ್ಲ ಸಾಯುತ್ತದೆ. ಐಸ್‌ಕ್ರೀಂ ಡೀಲರ್ ಹತ್ತಿರ ಕೇಳಿ ನೋಡಬಹುದಲ್ವಾ?

ಹೇಮಾವತಿ_ದಂಡೆ:
ವಿಧಾನ ಸರಿ. ಆದರೆ ಪಾಷಾಣ ಇರುವ ತಲೆಯನ್ನು ತಿನ್ನುವ ವಸ್ತು ಇಡುವ ಫ್ರೀಜರ್‌ಗೆ ಹಾಕುವುದಾ? ಬೇಡ. ಆ ಕೊಂಬಿನ ಅಗಲಕ್ಕೆ ಹಿಡಿಸುವುದೂ ಇಲ್ಲ. ಸದ್ಯಕ್ಕೆ ಗೋಡೆಯಿಂದ ಇಳಿಸಿ, ಒಳಗಿನ ಒಣ ಕೋಣೆಯಲ್ಲಿ ಹಳೇ ಬೆಡ್‌ಶೀಟ್ ಮೇಲಿಡಿ. ತೇವ ಇರುವಾಗ ಪ್ಲಾಸ್ಟಿಕ್ ಸುತ್ತಬೇಡಿ, ಒಳಗೇ ಬೂಷ್ಟು ಬರುತ್ತದೆ. ಕೀಟನಾಶಕ ಹೊಡೆಯುವುದಿದ್ದರೆ ಗೋಡೆ ಸಂದಿಗೆ ಹೊಡೆಯಿರಿ, ತಲೆಗಲ್ಲ.

ಗಿರಿ_ಗಾಳಿ:
ಎಲ್ಲ ಹೇಳಿದಿರಿ, ಮುಖ್ಯವಾದದ್ದನ್ನು ಯಾರೂ ಕೇಳಲಿಲ್ಲ. ಕಾಗದ ಇದೆಯಾ? ಕಾಟಿ ಅಂದರೆ ಶೆಡ್ಯೂಲ್ 1, ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿ. 2023ರ ಹುಲಿ ಉಗುರಿನ ಗಲಾಟೆ ಆದ ಮೇಲೆ ಇಂಥದ್ದನ್ನು ಯಾರೂ ಸುಮ್ನೆ ಬಿಡುವುದಿಲ್ಲ.

ಕಾಫಿತೋಟ_ಮೂಡಿಗೆರೆ:
ಇದೆ. ಅಪ್ಪಯ್ಯನ ಹೆಸರಲ್ಲಿ ಮಾಲೀಕತ್ವ ಪ್ರಮಾಣಪತ್ರ ಇದೆ. ಅವರು ಜುಲೈ ಕೊನೆಗೆ ತೀರಿಕೊಂಡರು.

ಗಿರಿ_ಗಾಳಿ:
ಕೇಳಿ ಬೇಜಾರಾಯಿತು. ಆದರೆ ಈಗ ಹುಳಕ್ಕಿಂತ ಇದೇ ಅರ್ಜೆಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 40ರ ಪ್ರಕಾರ, ಇಂಥ ವಸ್ತು ವಾರಸುದಾರಿಕೆಯಿಂದ ಬಂದರೆ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ, ಅಥವಾ ಅವರು ಅಧಿಕಾರ ಕೊಟ್ಟವರಿಗೆ, ಘೋಷಣೆ ಕೊಡಬೇಕು. ಈಗ ಅಕ್ಟೋಬರ್. ಲೆಕ್ಕ ಹಾಕಿಕೊಳ್ಳಿ. ಅಲ್ಲಿಯವರೆಗೆ ತಲೆ ಮನೆ ಹೊಸ್ತಿಲು ದಾಟುವುದು ಬೇಡ, ರಿಪೇರಿಗೂ ಬೇಡ.

ಇನ್ನು ರಿಪೇರಿ ಮಾಡುವವರ ವಿಷಯ. ಲೈಸೆನ್ಸ್ ಇಲ್ಲದೆ ಟ್ಯಾಕ್ಸಿಡರ್ಮಿ (ಹೀಗೆ ಪ್ರಾಣಿ ಚರ್ಮ ತುಂಬಿ ಕೊಡುವ) ವ್ಯಾಪಾರ ಮಾಡುವಂತಿಲ್ಲ. ವ್ಯಾನ್ ಇಂಗನ್ 1999ಕ್ಕೇ ಬಾಗಿಲು ಹಾಕಿತು. ಮುಂಬೈನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಕೇಂದ್ರ ಇದೆ, ಅದು ಅರಣ್ಯ ಇಲಾಖೆಯದ್ದು. ಪೇಟೆಯಲ್ಲಿ ಯಾರಾದರೂ 'ನಾನು ಮಾಡಿಕೊಡ್ತೀನಿ, ಗಾಡೀಲಿ ಕಳಿಸಿ' ಅಂದರೆ ಒಪ್ಪಬೇಡಿ. ಇಲಾಖೆಯ ಲಿಖಿತ ಒಪ್ಪಿಗೆ ಪಡೆದು, ಮ್ಯೂಸಿಯಂ ಕೆಲಸ ಬಲ್ಲ ಸಂರಕ್ಷಕರನ್ನು ಮನೆಗೇ ಕರೆಸುವುದು ಒಳ್ಳೆಯದು. ಇಟ್ಟುಕೊಳ್ಳೋಕೆ ಮನಸ್ಸಿಲ್ಲದಿದ್ದರೆ ಸರ್ಕಾರಕ್ಕೆ ಒಪ್ಪಿಸಬಹುದು, 2022ರ ತಿದ್ದುಪಡಿಯಲ್ಲಿ ಅದಕ್ಕೆ ದಾರಿ ಇದೆ. ಪರಿಹಾರ ಸಿಗಲ್ಲ.

ಹುಂಜ_ಪ್ರಿಯ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ತೋಟಕ್ಕೆ ಬರುವ ಕಾಡುಹಂದಿ ಸಿಕ್ಕರೆ ಅದರ ತಲೆ ಮಾಡಿಸಬಹುದಾ?

ಗಿರಿ_ಗಾಳಿ:
ಇಲ್ಲ. ಮುಂದೆ ಕೇಳಬೇಡಿ. ನಿಮ್ಮ ಹುಂಜ ಸತ್ತರೆ ಮಾಡಿಸಿಕೊಳ್ಳಿ, ಸಾಕಿದ ಕೋಳಿಗೆ ಈ ಕಾಯ್ದೆ ಬರಲ್ಲ.

ಕಾಫಿತೋಟ_ಮೂಡಿಗೆರೆ:
ಅಟ್ಟದಲ್ಲಿ ಪಾರಿವಾಳದ ಹಳೇ ಗೂಡುಗಳು ಸಿಕ್ಕವು, ಪೊರೆ ರಾಶಿ ಇತ್ತು. ತೆಗೆಸಿದ್ದೇನೆ. ತಲೆ ಒಳಕೋಣೆಗೆ ಹೋಯಿತು. ಸೋಮವಾರ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗುತ್ತೇನೆ. ವಂಶವೃಕ್ಷ ಮಾತ್ರ ನಾಡಕಚೇರಿಯಲ್ಲಿ ಇನ್ನೂ ಆಗಿಲ್ಲ, ಅದು ಬರುವವರೆಗೆ ಕಾಯಲಾ?

ಗಿರಿ_ಗಾಳಿ:
ಕಾಯಬೇಡಿ. ಮರಣ ಪ್ರಮಾಣಪತ್ರ, ಅಪ್ಪನ ಹೆಸರಿನ ಪ್ರಮಾಣಪತ್ರದ ಜೆರಾಕ್ಸ್, ತಲೆಯ ನಾಲ್ಕೂ ಕಡೆಯ ಫೋಟೋ, ಹಿಂದಿನ ಚೀಟಿಯ ಫೋಟೋ ಇಟ್ಟು ಘೋಷಣೆ ಕೊಟ್ಟುಬಿಡಿ. ವಂಶವೃಕ್ಷ ಆಮೇಲೆ ಕೊಡುತ್ತೇನೆ ಅಂತ ಅದರಲ್ಲೇ ಬರೆಯಿರಿ. ಅದರ ಒಂದು ಪ್ರತಿ ಬೆಂಗಳೂರಿನ ಅರಣ್ಯ ಭವನಕ್ಕೆ ಸ್ಪೀಡ್ ಪೋಸ್ಟ್ ಮಾಡಿ. ನಿಮ್ಮ ಪ್ರತಿಗೆ ತಾರೀಖು ಸಮೇತ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಕಚೇರಿಯಿಂದ ಎದ್ದು ಬರಬೇಡಿ.