ವಾಷಿಂಗ್ ಮಷಿನ್‌ನಲ್ಲಿ ನೀರು ನಿಂತುಬಿಟ್ಟಿದೆ, ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ ಅಂತಾರೆ, ನಿಜಾನಾ?

ಗಿರಿನಗರದವಳು:
ನಮ್ಮದು ಫ್ರಂಟ್ ಲೋಡ್, 6 ವರ್ಷ ಹಳೆಯದು. ನಿನ್ನೆ ಸಂಜೆ ಮಗನ ಯೂನಿಫಾರಂ, ಎರಡು ಬೆಡ್‌ಶೀಟ್ ಹಾಕಿದ್ದೆ. ಒಗೆಯೋದೆಲ್ಲ ಆಯಿತು, ನೀರು ಮಾತ್ರ ಹೊರಗೆ ಹೋಗಲಿಲ್ಲ. ಗಾಜಿನ ಬಾಗಿಲಿನ ಅರ್ಧದವರೆಗೆ ಬೂದು ನೀರು ನಿಂತಿದೆ, ಅದರೊಳಗೆ ಯೂನಿಫಾರಂ ತೇಲುತ್ತಿದೆ, ಬಾಗಿಲೂ ತೆಗೆಯೋಕೆ ಬರುತ್ತಿಲ್ಲ. ಸ್ಪಿನ್ ಒತ್ತಿದರೆ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತದೆ, ಆಮೇಲೆ ಎರರ್ ತೋರಿಸಿ ಪೀಂ ಪೀಂ ಅಂತ ಕೂಗಿ ಸುಮ್ಮನಾಗುತ್ತದೆ.

ರಿಪೇರಿಯವರಿಗೆ ಫೋನ್ ಮಾಡಿದೆ. ಮಷಿನ್ ಮುಖ ನೋಡದೇನೇ "ಬೋರ್ಡ್ ಹೋಗಿರುತ್ತೆ ಮೇಡಂ, 6500 ಆಗಬಹುದು, ಬಂದು ನೋಡೋಕೆ 500 ಬೇರೆ" ಅಂದರು. ಇತ್ತ ನಮ್ಮತ್ತೆ, ಕಲ್ಲಿನ ಮೇಲೆ ಒಗೆದಿದ್ದರೆ ಇಷ್ಟೊತ್ತಿಗೆ ಒಣಗಿಸಿ ಮಡಚಿ ಇಡಬಹುದಿತ್ತು ಅಂತ ಎರಡು ಸಲ ಹೇಳಿ ಆಯಿತು. ಸೋಮವಾರ ಬೆಳಿಗ್ಗೆ ಯೂನಿಫಾರಂ ಬೇಕೇ ಬೇಕು. ನಾವೇ ನೋಡಬಹುದಾದದ್ದು ಏನಾದರೂ ಇದೆಯಾ?

ಫ್ಲಾಟ್302:
ಮೊದಲು ಮಷಿನ್ ಬಿಡಿ, ಮೋರಿ ನೋಡಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯುಟಿಲಿಟಿಯ ಪೈಪೇ ಕಟ್ಟಿಕೊಂಡಿತ್ತು, ನಾನು ಸುಮ್ನೆ ಮಷಿನ್ ಬೈದುಕೊಂಡು ಕೂತಿದ್ದೆ. ಡ್ರೈನ್ ಪೈಪ್ ಬಿಚ್ಚಿ ಬಕೆಟ್ಟಿಗೆ ಹಾಕಿ ಸ್ಪಿನ್ ಒತ್ತಿ. ಬಕೆಟ್ ತುಂಬಿದರೆ ಮಷಿನ್ ಸರಿ ಇದೆ ಅಂತ ಲೆಕ್ಕ, ಪ್ಲಂಬರ್ ಕರೆಸಿ. ಹಾಗೇ ಮಷಿನ್ ಹಿಂದೆ ಪೈಪ್ ಗೋಡೆಗೆ ಒತ್ತಿಕೊಂಡು ಮಡಚಿದೆಯಾ ಅಂತಾನೂ ನೋಡಿ.

ಹಳೇಸ್ಕ್ರೂಡ್ರೈವರ್:
302 ಅವರು ಹೇಳಿದ್ದು ಸರಿ, ಆದರೆ ಬಕೆಟ್ಟನ್ನು ಸ್ಟೂಲ್ ಮೇಲೆ ಇಡಿ. ನೆಲದ ಮೇಲೆ ಇಟ್ಟರೆ ನೀರು ಹೊರಗೆ ತಳ್ಳೋ ಪಂಪ್ ಸತ್ತಿದ್ದರೂ ನೀರು ತಾನಾಗೇ ಇಳಿದು ಬಂದು ನಿಮ್ಮ ದಾರಿ ತಪ್ಪಿಸುತ್ತದೆ.

ಮೇಡಂ, ಬೋರ್ಡ್ ಹೋಗೋದು ಇಲ್ಲ ಅಂತಲ್ಲ, ಆದರೆ ಅದು ಕೊನೆಗೆ ನೋಡಬೇಕಾದದ್ದು. ಗುಂಯ್ ಅಂತ ಸದ್ದು ಬರುತ್ತಿದೆ ಅಂದರೆ ಪಂಪಿಗೆ ಕರೆಂಟ್ ಬರುತ್ತಿದೆ, ಅಂದರೆ ಬೋರ್ಡ್ ತನ್ನ ಕೆಲಸ ಮಾಡುತ್ತಿದೆ. ಪಂಪಿನ ರೆಕ್ಕೆ ತಿರುಗೋಕೆ ಏನೋ ಅಡ್ಡ ಇದೆ, ಇಲ್ಲಾ ಫಿಲ್ಟರ್ ಕಟ್ಟಿಕೊಂಡಿದೆ. ಸದ್ದೇ ಬರದಿದ್ದರೆ ಮಾತು ಬೇರೆ, ಆಗ ಪಂಪಿನ ಕಾಯಿಲ್, ವೈರು, ಕನೆಕ್ಟರ್, ಅದೆಲ್ಲ ಆದ ಮೇಲೆ ಬೋರ್ಡು.

ಮಾಡಬೇಕಾದದ್ದು ಇಷ್ಟು. ಪ್ಲಗ್ ಕಿತ್ತು ಹಾಕಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಬಿಸಿನೀರಿನಲ್ಲಿ ಒಗೆದಿದ್ದರೆ ಆರೋವರೆಗೂ ಕಾಯಿರಿ. ಮುಂದೆ ಕೆಳಗಡೆ, ಸಾಮಾನ್ಯವಾಗಿ ಬಲಗಡೆ, ಒಂದು ಪುಟ್ಟ ಮುಚ್ಚಳ ಇರುತ್ತದೆ. ತೆಗೆದರೆ ಒಳಗೆ ಒಂದು ದೊಡ್ಡ ತಿರುಪು (ಅದೇ ಫಿಲ್ಟರ್), ಎಷ್ಟೋ ಮಾಡೆಲ್‌ಗಳಲ್ಲಿ ಪಕ್ಕದಲ್ಲೇ ಬೆರಳು ಗಾತ್ರದ ಸಣ್ಣ ಪೈಪ್, ಅದರ ಬಾಯಿಗೆ ಬಿರಡೆ. ಮೊದಲು ಆ ಬಿರಡೆ ಕಿತ್ತು ನೀರು ಬಿಡಿ. ಅರ್ಧ ಡ್ರಮ್ ಅಂದರೆ ಹತ್ತಿಪ್ಪತ್ತು ಲೀಟರ್ ಇರುತ್ತದೆ, ಬಕೆಟ್ ಅಲ್ಲಿ ಹಿಡಿಸಲ್ಲ, ಅಗಲವಾದ ತಟ್ಟೆ ಇಟ್ಟು ತುಂಬಿದ ಹಾಗೆ ಚೆಲ್ಲಿ ಬರಬೇಕು. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟು ನೇರ ತಿರುಪಿಗೆ ಕೈ ಹಾಕಿದವರೆಲ್ಲ ಅಡುಗೆಮನೆವರೆಗೂ ನೀರು ಒರೆಸಿದ್ದಾರೆ, ನಾನೂ ಸೇರಿ. ನೀರು ಬರೋದು ನಿಂತ ಮೇಲೆ ತಿರುಪನ್ನು ಎಡಕ್ಕೆ ನಿಧಾನವಾಗಿ ತಿರುಗಿಸಿ.

ಫಿಲ್ಟರ್ ಹೊರಗೆ ಬಂದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ, ತುಂಬಾ ಜನ ಅದನ್ನು ತೊಳೆದು ವಾಪಸ್ ಹಾಕಿಬಿಡುತ್ತಾರೆ. ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ನೋಡಿ. ಹಿಂದೆ ಒಂದು ಪುಟ್ಟ ರೆಕ್ಕೆ ಕಾಣುತ್ತದೆ, ಕಡ್ಡಿಯಿಂದ ತಿರುಗಿಸಿ. ನುಣ್ಣಗೆ ತಿರುಗಲ್ಲ, ತಡೆದು ತಡೆದು ತಿರುಗುತ್ತದೆ. ಅದು ಕೆಟ್ಟಿದೆ ಅಂತ ಅಲ್ಲ, ಒಳಗೆ ಅಯಸ್ಕಾಂತ ಇರೋದರಿಂದ ಹಾಗೆ. ಒಂಚೂರೂ ಅಲ್ಲಾಡದಿದ್ದರೆ ಏನೋ ಸುತ್ತಿಕೊಂಡಿದೆ.

ಬಾಡಿಗೆಮನೆ:
ಇಷ್ಟೆಲ್ಲ ಯಾಕೆ, ಬಾತ್‌ರೂಮಿಗೆ ಹಾಕೋ ಆಸಿಡ್ ಸ್ವಲ್ಪ ಪೌಡರ್ ಟ್ರೇಗೆ ಹಾಕಿ ಒಂದು ಗಂಟೆ ಬಿಡಿ, ಎಲ್ಲ ಕರಗಿ ಹೋಗುತ್ತೆ. ಬೋರ್‌ವೆಲ್ ನೀರಿನ ಬಿಳಿ ಕಟ್ಟೂ ಹೋಗುತ್ತೆ.

ಹಳೇಸ್ಕ್ರೂಡ್ರೈವರ್:
ದಯವಿಟ್ಟು ಬೇಡ. ರಬ್ಬರ್ ಹಾಳಾಗುತ್ತದೆ, ಕಬ್ಬಿಣ ತಿನ್ನುತ್ತದೆ. ಅಷ್ಟೇ ಅಲ್ಲ, ಆಮೇಲೆ ಫಿಲ್ಟರ್ ಬಿಚ್ಚುವಾಗ ಆ ಆಸಿಡ್ ನೀರು ಬರೋದು ಅವರ ಕೈ ಮೇಲೇ. ಬಟ್ಟೆ ಬೇರೆ ಒಳಗಿದೆ. ಕಟ್ಟು ತೆಗೆಯೋಕೆ ಡಿಸ್ಕೇಲಿಂಗ್ ಪುಡಿ ಬೇರೆ ಸಿಗುತ್ತದೆ, ಅದನ್ನೂ ಮಷಿನ್ ಸರಿ ಹೋದ ಮೇಲೆ ಖಾಲಿ ಡ್ರಮ್ಮಿಗೆ ಹಾಕಬೇಕು. ನಾಣ್ಯ, ಪಿನ್ನು ಆಸಿಡ್‌ಗೆ ಕರಗಿ ಹೋಗುತ್ತೆ ಅಂತ ಕಾಯೋಕಾಗುತ್ತಾ ಅಣ್ಣ?

ಸೋಪುನೊರೆ:
ನಮ್ಮಲ್ಲಿ ಇದೇ ಥರ ಆದಾಗ ಫಿಲ್ಟರ್ ಕ್ಲೀನಾಗೇ ಇತ್ತು. ಕಾರಣ ನೊರೆ. ಕೈಯಲ್ಲಿ ಒಗೆಯೋ ಪುಡಿಯನ್ನು ಫ್ರಂಟ್ ಲೋಡಿಗೆ ಎರಡು ಸ್ಪೂನ್ ಜಾಸ್ತಿ ಸುರಿದಿದ್ದರು. ಪಂಪಿಗೆ ನೀರು ಎತ್ತೋಕೆ ಬರುತ್ತದೆ, ನೊರೆ ಎತ್ತೋಕೆ ಬರಲ್ಲ. ಅಕ್ಕ, ಗಾಜಿನಲ್ಲಿ ನೊರೆ ಕಾಣ್ತಿದ್ದರೆ ಮೊದಲು ಅದನ್ನು ಯೋಚನೆ ಮಾಡಿ.

ವಿಜಯನಗರ_ಟಾಪ್‌ಲೋಡ್:
ಟಾಪ್ ಲೋಡ್‌ದೂ ಹೇಳಿಬಿಡಿ ಸಾರ್. ನಮ್ಮದರಲ್ಲಿ ಫಿಲ್ಟರ್ ಮುಚ್ಚಳಾನೇ ಇಲ್ಲ.

ಹಳೇಸ್ಕ್ರೂಡ್ರೈವರ್:
ಇಲ್ಲಿ ಸಿಗೋ ಬಹಳಷ್ಟು ಟಾಪ್ ಲೋಡ್‌ಗಳಲ್ಲಿ ಡ್ರೈನ್ ಪಂಪೇ ಇರಲ್ಲ. ಒಂದು ವಾಲ್ವ್ ಇರುತ್ತದೆ, ಅದನ್ನು ಎಳೆಯೋಕೆ ಪುಟ್ಟ ಮೋಟರ್. ವಾಲ್ವ್ ತೆರೆದರೆ ನೀರು ತನ್ನ ಪಾಡಿಗೆ ಇಳಿದು ಹೋಗುತ್ತದೆ. ಹಾಗಾಗಿ ಪೈಪ್ ನೆಲದ ಮಟ್ಟದಲ್ಲೇ ಇರಬೇಕು. ಸಿಂಕ್ ಮೇಲೆ ಎತ್ತಿ ಹಾಕಿದರೆ ಜನ್ಮದಲ್ಲಿ ಖಾಲಿಯಾಗಲ್ಲ. ಫ್ರಂಟ್ ಲೋಡಿಗೆ ಉಲ್ಟಾ, ಪೈಪನ್ನು ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರಕ್ಕೆ ಎತ್ತಿ ಕಟ್ಟಬೇಕು. ಮನೆ ಬದಲಾಯಿಸಿದಾಗ ಈ ತಪ್ಪು ಜಾಸ್ತಿ ಆಗುತ್ತದೆ. ನಿಮ್ಮದು ಯಾವುದು ಅಂತ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ.

ಗಿರಿನಗರದವಳು:
ಎಲ್ಲರಿಗೂ ಥ್ಯಾಂಕ್ಸ್, ಮಾಡಿದೆ. ನೊರೆ ಏನೂ ಇರಲಿಲ್ಲ. ಬಕೆಟ್ಟನ್ನು ಸ್ಟೂಲ್ ಮೇಲೆ ಇಟ್ಟು ನೋಡಿದೆ, ಒಂದು ಲೋಟದಷ್ಟೂ ಬರಲಿಲ್ಲ. ಆಮೇಲೆ ಬಿರಡೆ ಕಿತ್ತೆ. ಹೋಳಿಗೆ ತಟ್ಟೆಯಲ್ಲಿ ಹಿಡಿದು ಚೆಲ್ಲಿದ್ದು ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ, ಮುಕ್ಕಾಲು ಗಂಟೆ ಹಿಡಿಯಿತು. ಮನೆಯವರು ಬಟ್ಟೆ ಒಡ್ಡಿಕೊಂಡು ನಿಂತಿದ್ದರು, ಆದರೂ ಕಾಲೊರೆಸು ನೆನೆಯಿತು.

ಫಿಲ್ಟರಿನಲ್ಲಿ ನೆಂದ ಬೆಕ್ಕಿನ ಮರಿ ಥರ ನೂಲಿನ ಉಂಡೆ, ಎರಡು ಒಂದು ರೂಪಾಯಿ ನಾಣ್ಯ, ನನ್ನ ಸೀರೆ ಪಿನ್ನು, ಚೌಕಾಬಾರಕ್ಕೆ ಒಡೆದಿಟ್ಟ ಅರ್ಧ ಹುಣಸೆ ಬೀಜ. ತೊಳೆದು ಹಾಕಿಬಿಡೋಣ ಅನ್ನಿಸಿತ್ತು, ನೀವು ಹೇಳಿದ್ದು ನೆನಪಾಗಿ ಟಾರ್ಚ್ ಬಿಟ್ಟೆ. ರೆಕ್ಕೆಗೆ ಕಪ್ಪು ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಹುಬ್ಬಿನ ಚಿಮಟದಲ್ಲಿ ಒಂದೊಂದೇ ಸುತ್ತು ಬಿಡಿಸಿದೆ. ಕೊನೆಗೆ ಒಂದು ಪುಟ್ಟ ಬೆಳ್ಳಿ ಗುಂಡು ಬಂತು! ಮಗನ ಉಡಿದಾರ. ಸ್ನಾನ ಮಾಡಿಸುವಾಗ ಅತ್ತೆಯೇ ಬಿಚ್ಚಿ ಟವಲ್ ಮೇಲೆ ಇಟ್ಟಿದ್ದರಂತೆ. ಎರಡು ವಾರದಿಂದ ನಾನು ಎಲ್ಲೋ ಕಳೆದೆ ಅಂತ ಕೇಳಿಸಿಕೊಳ್ಳುತ್ತಿದ್ದೆ. ಈಗ ಕಲ್ಲಿನ ಮೇಲೆ ಒಗೆಯೋ ಮಾತು ನಿಂತಿದೆ.

ಹಳೇಸ್ಕ್ರೂಡ್ರೈವರ್:
ಬೆಳ್ಳಿ ಗುಂಡು ನಾನೂ ಇದೇ ಮೊದಲು ಕೇಳಿದ್ದು. ಫಿಲ್ಟರ್ ವಾಪಸ್ ಹಾಕಿದ ಮೇಲೆ ಒಂದು ಸಲ ನೀರು ತುಂಬಿಸಿ ಅಲ್ಲಿ ತೊಟ್ಟಿಕ್ಕುತ್ತಾ ನೋಡಿ.

ಗಿರಿನಗರದವಳು:
ತೊಟ್ಟಿಕ್ಕುತ್ತಿತ್ತು ಸಾರ್. ರಬ್ಬರ್ ಬಳೆ ಮೇಲೆ ಒಂದು ಕೂದಲು ಸಿಕ್ಕಿಕೊಂಡಿತ್ತು. ಒರೆಸಿ ಗಟ್ಟಿಯಾಗಿ ತಿರುಗಿಸಿದೆ, ಈಗ ಒಣಗಿದೆ. ಯೂನಿಫಾರಂ ಇನ್ನೊಂದು ಸಲ ಒಗೆಯೋಕೆ ಹಾಕಿದ್ದೇನೆ, ವಾಸನೆ ಬಂದುಬಿಟ್ಟಿತ್ತು.