ತಿದಿ, ಮೊಳೆಯುರುಳೆ, ಕಾಲ್ಪೇಟಿ: ಇವು ಸರಿಯಾ?

ಪುಣೆಯ ಬಾಜೀರಾವ್ ರಸ್ತೆ ಪಕ್ಕದ ರಾಜಾ ದಿನಕರ್ ಕೇಳ್ಕರ್ ಸಂಗ್ರಹಾಲಯಕ್ಕೆ ನಮ್ಮ ಕನ್ನಡ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗುವುದಿದೆ. ಅಲ್ಲಿ ಹಳೆಯ ವಾದ್ಯಗಳದ್ದೇ ಒಂದು ವಿಭಾಗ ಇದೆ. ಅದರ ಜೊತೆಗೆ ಗಾಳಿಯಿಂದ ನುಡಿಯುವ ಪೆಟ್ಟಿಗೆಗಳ ಬಗ್ಗೆ ಒಂದು ಪುಟ ಬರೆದುಕೊಡೋಣ ಅಂತ ಕೂತೆ. ಅರ್ಧಕ್ಕೇ ಪದಗಳು ಕೈಕೊಟ್ಟವು.

ಮೊದಲ ತೊಡಕು ಆರ್ಗನ್. ಮರಾಠಿ ಸಂಗೀತ ನಾಟಕದವರು ಆರ್ಗನ್ ಅನ್ನುತ್ತಿದ್ದದ್ದು ಕಾಲಲ್ಲಿ ತುಳಿಯುವ ಪೇಟಿಯನ್ನು, ಅಂದರೆ ಹಾರ್ಮೋನಿಯಂ ಥರದ್ದನ್ನು. ಅದರೊಳಗೆ ಅದುರುವುದು ರೀಡು, ಅಂದರೆ ಹಿತ್ತಾಳೆಯ ತೆಳು ಪಟ್ಟಿ. ಚರ್ಚಿನ ಪೈಪ್ ಆರ್ಗನ್ನಿನ ಜಾತಿಯೇ ಬೇರೆ. ಅದರ ಹೆಚ್ಚಿನ ಕೊಳವೆಗಳಲ್ಲಿ ಗಾಳಿ ಬಾಯಂಚಿಗೆ ಬಡಿದು, ಒಳಗಿನ ಗಾಳಿಯೇ ಅದುರುತ್ತದೆ. ಕೊಳವೆ ಅರ್ಧ ಉದ್ದವಾದರೆ ಸ್ವರ ಒಂದು ಸ್ಥಾಯಿ ಮೇಲೆ. ಎರಡಕ್ಕೂ ಒಂದೇ ಹೆಸರಾದರೆ ಮಕ್ಕಳಿಗೆ ಗೊಂದಲ, ಅಲ್ವಾ? ಸದ್ಯಕ್ಕೆ ಒಂದು ರೀಡ್ ಪೇಟಿ, ಇನ್ನೊಂದು ಪೈಪ್ ಆರ್ಗನ್ ಅಂತಲೇ ಬರೆದಿದ್ದೇನೆ. ಕೀಗಳ ಚಿಂತೆಯಿಲ್ಲ, ಮನೆ ಅನ್ನುವ ಮಾತು ಇದ್ದೇ ಇದೆ. ಯಕ್ಷಗಾನದವರು ಶ್ರುತಿಗೆ ಬಿಳಿ ಮೂರು, ಕಪ್ಪು ಎರಡು ಅನ್ನೋದೂ ಪೇಟಿಯ ಮನೆ ನೋಡಿಯೇ.

ಗಾಳಿ ತುಂಬುವ ಭಾಗಕ್ಕೆ ತಿದಿ ಅಂತ ಬರೆದೆ. ಕಮ್ಮಾರನ ಕುಲುಮೆಯ ತಿದಿಯೇ. ಮರಾಠಿಯಲ್ಲೂ ಕಮ್ಮಾರನದ್ದು, ಪೇಟಿಯದ್ದು ಎರಡೂ ಭಾತಾ. ಆದರೆ ನಮ್ಮ ಪೇಟಿ ಮಾಸ್ತರರು ತಿದಿ ಅನ್ನುತ್ತಾರಾ? ನನ್ನ ಕಿವಿಗೆ ಬಿದ್ದಿರೋದು ಜಾಸ್ತಿ 'ಗಾಳಿ ಹಾಕು' ಅಷ್ಟೇ.

ಇನ್ನು ಬ್ಯಾರೆಲ್ ಆರ್ಗನ್, ಹಿಡಿ ತಿರುಗಿಸಿದರೆ ತಾನೇ ಹಾಡು ನುಡಿಸುವ ಪೆಟ್ಟಿಗೆ. ಇಂಥವಕ್ಕೆ 'ಯಾಂತ್ರಿಕ ಸಂಗೀತೋಪಕರಣ' ಅಂತ ಯಾರೋ ಸೂಚಿಸಿದರು. ಹೇಳಿ ಮುಗಿಸುವಷ್ಟರಲ್ಲಿ ಹಾಡೇ ಮುಗಿದಿರುತ್ತದೆ! ಒಳಗಿರೋದು ಮರದ ಉರುಳೆ, ಅದರ ಮೈತುಂಬಾ ಲೋಹದ ಮೊಳೆ. ಹಿಡಿ ತಿರುಗಿಸಿದರೆ ಉರುಳೆ ಸುತ್ತುತ್ತದೆ. ಮೊಳೆ ಬಂದು ಒಂದು ಸಣ್ಣ ಸನ್ನೆಕೋಲನ್ನು ಎತ್ತುತ್ತದೆ, ಆ ಸ್ವರದ ಕೊಳವೆಗೆ ಗಾಳಿಯ ದಾರಿ ತೆರೆಯುತ್ತದೆ. ಗಿಡ್ಡ ಸ್ವರಕ್ಕೆ ಒಂಟಿ ಮೊಳೆ, ಎಳೆಯುವ ಸ್ವರಕ್ಕೆ ಎರಡೂ ತುದಿ ಬಾಗಿಸಿ ಬಡಿದ ತಂತಿ. ತಿದಿಯನ್ನು ಒತ್ತುವುದೂ ಅದೇ ಹಿಡಿ. ಇದಕ್ಕೆ ಮೊಳೆಯುರುಳೆ ಪೆಟ್ಟಿಗೆ ಅಂದರೆ ನಡೆಯುತ್ತಾ?

ಟಿಪ್ಪುವಿನ ಹುಲಿಯಲ್ಲಿ ಪೇಚು ಜಾಸ್ತಿ. ಅದು ಕೆಳಗೆ ಬಿದ್ದ ಯುರೋಪಿಯನ್ನನ ಮೇಲೆ ಎರಗಿರುವ ಮರದ ಹುಲಿ, ಟಿಪ್ಪು ಸುಲ್ತಾನನದ್ದು. 1799ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಹೊತ್ತೊಯ್ದದ್ದು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಹಿಡಿ ತಿರುಗಿಸಿದರೆ ಕೆಳಗೆ ಬಿದ್ದವನ ಕೈ ಏಳುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಇಷ್ಟು ಯಂತ್ರದ ಕೆಲಸ. ಹುಲಿಯ ಪಕ್ಕೆಯ ಮುಚ್ಚಳ ತೆಗೆದರೆ ಒಳಗೆ 18 ಗುಂಡಿಗಳ ಪುಟ್ಟ ಪೈಪ್ ಆರ್ಗನ್. ಅದಕ್ಕೆ ಮೊಳೆಯುರುಳೆ ಇಲ್ಲ, ಬೆರಳಲ್ಲೇ ನುಡಿಸಬೇಕು. ಹಾಗಾಗಿ ಇದನ್ನು 'ಸ್ವಯಂಚಾಲಿತ ವಾದ್ಯ' ಅನ್ನೋದು ನನಗೆ ಒಪ್ಪಿಗೆಯಿಲ್ಲ. ಒಬ್ಬರು ತಿರುಗಿಸದೆ ಅದು ಗುಟುಕ್ಕೂ ಅನ್ನುವುದಿಲ್ಲ. ಹಿಡಿಬೊಂಬೆ ಅಂದರೆ ಆಟಿಕೆಯಾಗಿಬಿಡುತ್ತದೆ. ಬೇರೆ ಪದ ಇದ್ದರೆ ಹೇಳಿ.

ಕೊನೆಯದು, ಗದಗ–ಹುಬ್ಬಳ್ಳಿ ಕಡೆಯ ನಾಟಕ ಕಂಪನಿಗಳ ಮನೆಯವರಿಗೆ. ಮರಾಠಿಯ ಪಾಯಪೇಟಿಯ ಹಾಗೆ ನಿಮ್ಮಲ್ಲಿ ಕಾಲ್ಪೇಟಿ ಅನ್ನುತ್ತಿದ್ದರಾ, ಅಥವಾ ಲೆಗ್ ಹಾರ್ಮೋನಿಯಂ ಒಂದೇನಾ? ತುಳಿಯುವ ಹಲಗೆಗೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ.