ಬಿಲ್ ಬಾರದ ಇಂಗಾಲ

ಪ್ರಶ್ನೆ (ಪೆರ್ಲದ ಕೃಷಿಕ): ಅಕ್ಕಾ, ನಮಸ್ಕಾರ. ಮನೆಯ ಇಂಗಾಲದ ಹೆಜ್ಜೆಗುರುತು, ಅಂದರೆ ನಮ್ಮ ಬಳಕೆಯಿಂದ ಗಾಳಿಗೆ ಸೇರುವ ಬಿಸಿಯೇರಿಸುವ ಅನಿಲದ ಪ್ರಮಾಣ, ಲೆಕ್ಕ ಹಾಕು ಎಂದು ಮಗಳು ಬೆಂಗಳೂರಿನಿಂದ ಒತ್ತಾಯಿಸುತ್ತಿದ್ದಾಳೆ. ಮನೆಯಲ್ಲಿ ನಾವಿಬ್ಬರೇ. ಎರಡು ತಿಂಗಳ ಕರೆಂಟ್ ಬಿಲ್ಲಿನಲ್ಲಿ ಸುಮಾರು 240 ಯೂನಿಟ್ ಬರುತ್ತದೆ. ವರ್ಷಕ್ಕೆ 4 ಸಿಲಿಂಡರ್. ಕಾರು, ಸ್ಕೂಟರ್ ಸೇರಿ ತಿಂಗಳಿಗೆ 25 ಲೀಟರ್ ಪೆಟ್ರೋಲ್. ಮೂರು ದನಗಳಿವೆ, ಗೋಬರ್ ಗ್ಯಾಸ್ ಇದೆ, ಸ್ನಾನಕ್ಕೆ ಹಂಡೆಯ ನೀರು. ನಮ್ಮದು ಪರಿಸರಕ್ಕೆ ಭಾರವಲ್ಲದ ಮನೆ ಎಂದೇ ನನ್ನ ನಂಬಿಕೆ. ಸರಿಯೇ?

ಉತ್ತರ (ಇಂಧನ ಲೆಕ್ಕಪರಿಶೋಧಕಿ, ಕಾಸರಗೋಡು): ಅಣ್ಣಾ, ನೀವು ಕೊಟ್ಟಷ್ಟನ್ನು ಮೊದಲು ಕೂಡಿಸೋಣ. ದೇಶದ ವಿದ್ಯುತ್ ಜಾಲದ ಸರಾಸರಿಯಲ್ಲಿ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 0.7 ಕಿಲೊ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಕೇರಳದಲ್ಲಿ ಜಲವಿದ್ಯುತ್ ತಾನೇ ಎಂದು ಕೇಳುವವರಿದ್ದಾರೆ. ಆದರೆ ರಾಜ್ಯವು ತನಗೆ ಬೇಕಾದುದರಲ್ಲಿ ಹೆಚ್ಚಿನ ಪಾಲನ್ನು ಹೊರಗಿನಿಂದ ಕೊಳ್ಳುತ್ತದೆ, ಹಾಗಾಗಿ ದೇಶದ ಸರಾಸರಿಯೇ ಸೂಕ್ತ. ನಿಮ್ಮ ಮನೆಯ ಕರೆಂಟಿಗೆ ವರ್ಷಕ್ಕೆ ಸುಮಾರು 1,000 ಕಿಲೊ. 14.2 ಕಿಲೊ ಸಿಲಿಂಡರ್ ಒಂದು ಉರಿದರೆ 42 ಕಿಲೊ, ನಾಲ್ಕಕ್ಕೆ 170. ಪೆಟ್ರೋಲ್ ಲೀಟರಿಗೆ 2.3 ಕಿಲೊ, ಅಂದರೆ 690. ಒಟ್ಟು ಎರಡು ಟನ್ನಿಗೂ ಒಳಗೆ.

ಆದರೆ ತೋಟದ ಪಂಪು ಎಲ್ಲಿ ಹೋಯಿತು?

ಕೃಷಿಕ: ಅದು ಕೃಷಿಯ ಮೀಟರು. ಕೃಷಿ ಭವನದ ಮೂಲಕ ಮನ್ನಾ ಆಗಿರುವುದರಿಂದ ಬಿಲ್ಲೇ ಕಟ್ಟಲಿಕ್ಕಿಲ್ಲ. 5 ಎಚ್‌ಪಿ, ಡಿಸೆಂಬರಿನಿಂದ ಮಳೆ ಬರುವವರೆಗೆ ದಿನಕ್ಕೆ ನಾಲ್ಕು ಗಂಟೆ ಓಡುತ್ತದೆ.

ಉತ್ತರ: ನಾನು ಅಂದುಕೊಂಡದ್ದು ಸರಿಯಾಯಿತು. ಹಣ ಕಟ್ಟದ್ದು ನಮ್ಮ ತಲೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 5 ಎಚ್‌ಪಿ ಎಂದರೆ ಕನಿಷ್ಠ 3.7 ಕಿಲೊವಾಟ್. 150 ದಿನಕ್ಕೆ 2,200 ಯೂನಿಟ್ ಮೀರುತ್ತದೆ, ಇಂಗಾಲದಲ್ಲಿ 1,550 ಕಿಲೊ. ನಿಮ್ಮ ಇಡೀ ಮನೆಯ ಕರೆಂಟಿನ ಒಂದೂವರೆ ಪಟ್ಟು.

ಇನ್ನೊಂದು ಪ್ರಶ್ನೆ, ಸ್ವಲ್ಪ ಸೂಕ್ಷ್ಮ. ಗೋಬರ್ ಗ್ಯಾಸ್ ಮಿಗುತ್ತದೆಯೇ?

ಕೃಷಿಕ: ಮಿಗುತ್ತದೆ ಅಕ್ಕಾ. ಮಕ್ಕಳಿದ್ದಾಗ ಸಾಲುತ್ತಿರಲಿಲ್ಲ. ಈಗ ಮಧ್ಯಾಹ್ನದ ಹೊತ್ತಿಗೆ ಗ್ಯಾಸ್ ತುಂಬುವ ಡ್ರಮ್ ಪೂರ್ತಿ ಮೇಲೆದ್ದು ಬದಿಯಿಂದ ಗುಳುಗುಳು ಎನ್ನುತ್ತಿರುತ್ತದೆ. ಬೆಳಗ್ಗಿನ ಕಾಫಿ, ತಿಂಡಿ ಮಾತ್ರ ಸಿಲಿಂಡರಿನಲ್ಲಿ. ಆ ಒಲೆ ಹೆಂಡತಿಯ ಕೈಗೆ ಹತ್ತಿರ.

ಉತ್ತರ: ಆ ಗುಳುಗುಳುವೇ ನೀವು ಲೆಕ್ಕಕ್ಕೆ ಹಿಡಿಯದ ಇನ್ನೊಂದು ದೊಡ್ಡ ಬಾಬ್ತು. ಗೋಬರ್ ಗ್ಯಾಸಿನಲ್ಲಿ ಸುಮಾರು 60 ಶೇಕಡಾ ಮೀಥೇನ್. ಉರಿಸಿದರೆ ಚಿಂತೆಯಿಲ್ಲ, ಹುಲ್ಲಿನಿಂದ ಬಂದ ಇಂಗಾಲ ಗಾಳಿಗೆ ಮರಳುತ್ತದೆ, ಅಷ್ಟೇ. ಉರಿಸದೆ ಬಿಟ್ಟರೆ ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಒಂದು ಘನ ಮೀಟರ್ ಗ್ಯಾಸ್ ಒಲೆಯಲ್ಲಿ ಉರಿದರೆ ಉಳಿಯುವ ಸಿಲಿಂಡರ್ ಅನಿಲ ಅರ್ಧ ಕಿಲೊವೂ ಇಲ್ಲ, ಅಂದರೆ 1.3 ಕಿಲೊ ಇಂಗಾಲದ ಉಳಿತಾಯ. ಅದೇ ಒಂದು ಘನ ಮೀಟರ್ ಸೋರಿದರೆ 11 ಕಿಲೊ ನಷ್ಟ. ಎಂಟು ದಿನ ಉಳಿಸಿದ್ದನ್ನು ಒಂದೇ ದಿನ ಕಳೆದಂತೆ.

25 ಕಿಲೊ ಸೆಗಣಿಗೆ ಸುಮಾರು ಒಂದು ಘನ ಮೀಟರ್ ಗ್ಯಾಸ್ ಹುಟ್ಟುತ್ತದೆ. ನಿಮ್ಮಲ್ಲಿ ದಿನಕ್ಕೆ ಅರ್ಧ ಘನ ಮೀಟರ್ ಸೋರುತ್ತಿದ್ದರೂ ವರ್ಷಕ್ಕೆ ಎರಡು ಟನ್. ಸೆಗಣಿಯನ್ನು ಹಾಗೆಯೇ ಒಣ ಗೊಬ್ಬರದ ರಾಶಿಗೆ ಹಾಕಿದ್ದರೆ ಇಷ್ಟು ಮೀಥೇನ್ ಹುಟ್ಟುತ್ತಲೇ ಇರಲಿಲ್ಲ. ಬೇಸರ ಮಾಡಿಕೊಳ್ಳಬೇಡಿ, ನಾನು ನೋಡಿದ ಮನೆಗಳಲ್ಲಿ ಗೋಬರ್ ಗ್ಯಾಸಿನ ಹೆಮ್ಮೆ ಇರುವಲ್ಲೆಲ್ಲ ಈ ಸದ್ದು ಕೇಳಿದ್ದೇನೆ.

ಪರಿಹಾರಕ್ಕೆ ದುಡ್ಡು ಬೇಡ. ಗ್ಯಾಸಿನ ಪೈಪನ್ನು ಅತ್ತಿಗೆಯ ಕೈಗೆ ಹತ್ತಿರ ತನ್ನಿ, ತಿಂಡಿಯೂ ಅದರಲ್ಲೇ ಆಗಲಿ. ಇನ್ನೂ ಮಿಕ್ಕರೆ ದನಗಳ ಅಕ್ಕಚ್ಚು ಬೇಯಿಸಿ. ಅದಕ್ಕೂ ಮಿಕ್ಕರೆ ಒಂದು ದನದ ಸೆಗಣಿಯನ್ನು ತೊಟ್ಟಿಗೆ ಹಾಕದೆ ನೇರ ಗೊಬ್ಬರಕ್ಕೆ ಬಿಡಿ.

ಬಾಯಾರಿನ ಹಿರಿಯರು: ನಮ್ಮಲ್ಲಿ ಅಜ್ಜ ತೋಡಿಸಿದ ಸುರಂಗ ಇದೆ. ಮುರಕಲ್ಲಿನ ಗುಡ್ಡದಿಂದ ನೀರು ತಾನಾಗಿ ಕೆರೆಗೆ ಇಳಿಯುತ್ತದೆ. ನಮ್ಮ ಲೆಕ್ಕ ಹೇಗೆ, ತಂಗೀ?

ಉತ್ತರ: ಮಾವ, ಆ ನೀರಿಗೆ ಸೊನ್ನೆ. ಕೆರೆಯಿಂದ ಮತ್ತೆ ಪಂಪಿನಲ್ಲಿ ಮೇಲೆತ್ತದಿದ್ದರೆ ಮಾತ್ರ! ಸುರಂಗವಿಲ್ಲದ ಪೆರ್ಲದ ಅಣ್ಣನಿಗೆ ದಾರಿ ಎಂದರೆ ಹನಿ ನೀರಾವರಿ. ಬುಡಕ್ಕೆ ನೀರು ಕಟ್ಟುವುದಾದರೆ ಬೇಸಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ ಅಡಿಕೆ ಮರಕ್ಕೆ 175 ಲೀಟರ್. ಹನಿಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು. ಇದು ಇಲ್ಲೇ ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಕೊಡುವ ಶಿಫಾರಸು. ನೀರು ಸುಮಾರು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಾಗ ಪಂಪಿನ ಗಂಟೆಯೂ ಇಳಿಯುತ್ತದೆ.

ಉಪ್ಪಳದ ಸದಸ್ಯೆ: ನಮ್ಮದು ಫ್ಲ್ಯಾಟ್, ತೋಟವೂ ಇಲ್ಲ ದನವೂ ಇಲ್ಲ. ಗೀಸರ್ ತೆಗೆಸಬೇಕೆಂದು ಎಲ್ಲರೂ ಹೇಳುತ್ತಾರೆ. ಯಜಮಾನರು ದುಬೈಯಲ್ಲಿದ್ದಾರೆ, ವರ್ಷಕ್ಕೆ ಎರಡು ಸಲ ಬರುತ್ತಾರೆ.

ಉತ್ತರ: ಗೀಸರ್ ಇರಲಿ. 2 ಕಿಲೊವಾಟಿನದು ದಿನಕ್ಕೆ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ಅಷ್ಟೇ. 75 ವಾಟಿನ ಮೂರು ಹಳೆಯ ಫ್ಯಾನುಗಳು ದಿನಕ್ಕೆ ಹತ್ತು ಗಂಟೆ ತಿರುಗುತ್ತಿದ್ದರೆ, ಅವನ್ನು 30 ವಾಟಿನ, ಕಡಿಮೆ ಕರೆಂಟ್ ಎಳೆಯುವ ಮೋಟಾರಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿದಾಗ ಉಳಿಯುವುದು ಅದಕ್ಕಿಂತ ಹೆಚ್ಚು, ವರ್ಷಕ್ಕೆ 490 ಯೂನಿಟ್. ಮಂಗಳೂರು–ದುಬೈ ವಿಮಾನದಲ್ಲಿ ಒಬ್ಬರು ಹೋಗಿ ಬಂದರೆ 300ರಿಂದ 500 ಕಿಲೊ ಆಗುತ್ತದೆ. ಹಾಗೆಂದು ವರ್ಷಕ್ಕೆರಡು ಸಲ ಮನೆಗೆ ಬರುವವರನ್ನು ಬರಬೇಡಿ ಎನ್ನುವ ಲೆಕ್ಕ ನನ್ನ ಬಳಿ ಇಲ್ಲ.

ಕೃಷಿಕ: ಮನೆಗೆ ಸೌರ ಫಲಕ ಹಾಕಿಸಿದರೆ? 3 ಕಿಲೊವಾಟಿಗೆ ಕೇಂದ್ರದಿಂದ 78,000 ರೂಪಾಯಿ ಸಬ್ಸಿಡಿ ಇದೆಯಲ್ಲ.

ಉತ್ತರ: ಇದೆ, ಒಳ್ಳೆಯದೇ. ಬಿಸಿಲಿನ ದಿನ ಸುಮಾರು 12 ಯೂನಿಟ್ ಬರುತ್ತದೆ; ಆಟಿಯ ಮಳೆಯಲ್ಲಿ ಅಷ್ಟನ್ನು ನಿರೀಕ್ಷಿಸಬೇಡಿ. ನಿಮ್ಮ ಮನೆಗೆ ದಿನಕ್ಕೆ ಬೇಕಾದದ್ದು 4 ಯೂನಿಟ್, 3 ಕಿಲೊವಾಟ್ ಏಕೆ? ಅದಕ್ಕೆ ಮೊದಲು ಒಂದು ವಾರ ಕೃಷಿ ಮೀಟರಿನ ಓದನ್ನು ದಿನಾ ಬೆಳಗ್ಗೆ ಬರೆದಿಡಿ, ಡ್ರಮ್ ಎಷ್ಟು ಹೊತ್ತಿಗೆ ಗುಳುಗುಟ್ಟಲು ಶುರುಮಾಡುತ್ತದೆ ಎಂಬುದನ್ನೂ. ಎರಡನ್ನೂ ಇಲ್ಲಿ ಹಾಕಿ.

ಕೃಷಿಕ: ಇವತ್ತು ಹನ್ನೊಂದೂವರೆಗೇ ಶುರುವಾಯಿತು ಅಕ್ಕಾ. ಅವಳಿಗೆ ಓದಿ ಹೇಳಿದೆ. ಸಂಜೆಯ ಚಹಾ ಗೋಬರ್ ಗ್ಯಾಸಿನ ಒಲೆಯಲ್ಲೇ ಆಯಿತು.